ಮಣ್ಣುಗುಡ್ಡೆಯ ಆಚೆ ತಾಯಿಕುರಿ

ಯುಗಾದಿ ಕಳೆದು ವಾರವಾಗಿತ್ತು. ಬಿಸಿಲು ಏರುವ ಮೊದಲೇ ಹಟ್ಟಿಯ ಹೆಂಗಸರು ರೊಪ್ಪ ಗುಡಿಸಿ ಕುರಿಹಿಕ್ಕೆಯನ್ನು ತಿಪ್ಪೆಗೆ ಹೊರುತ್ತಿದ್ದರು. ಪಾತಮ್ಮ ಮಾತ್ರ ಪೊರಕೆ ಹಿಡಿದುಕೊಂಡೇ ದಾರಿ ನೋಡುತ್ತಿದ್ದಳು. ಗೂಡಿನೊಳಗೆ ಎಳೆಮರಿಗಳು ಮೊನ್ನೆಯಿಂದ ತಾಯಿಹಾಲಿಲ್ಲದೆ ಅರಚುತ್ತಿದ್ದವು.

ಅವಳ ಗಂಡ ಜುಂಜಣ್ಣನ ಕುರಿಗಳು ಆಂಧ್ರದ ಗಡಿಯಾಚೆ ಮಲ್ಲಿಕಾರ್ಜುನಪ್ಪನ ಹೊಲದಲ್ಲಿದ್ದವು. ಎಂಟು ರಾತ್ರಿ ಮಂದೆ ಅಲ್ಲಿ ತಂಗಿ ಹೊಲಕ್ಕೆ ಗೊಬ್ಬರವಾಗಬೇಕೆಂದು ಮಾತು. ಅದಕ್ಕೆ ಎರಡು ಚೀಲ ಜೋಳ ಮೊದಲೇ ಬಂದು, ಅರ್ಧ ರೊಟ್ಟಿಯೂ ಆಗಿತ್ತು. ಹೊಲ ಹಟ್ಟಿಗೆ ಒಂದೇ ಮೈಲಿ. ದಿನಕ್ಕೆರಡು ಸಲ ಜುಂಜಣ್ಣ ತಾಯಿಕುರಿಗಳನ್ನು ಹೊಡೆದುಕೊಂಡು ಬಂದು ಮರಿಗಳಿಗೆ ಹಾಲು ಕುಡಿಸಿಕೊಂಡು ಹೋಗುತ್ತಿದ್ದ. ನಾಲ್ಕನೆಯ ದಿನ ಜೆಸಿಬಿ ಬಂದು ಗಡಿಯ ರಸ್ತೆಗೆ ಎದೆಯೆತ್ತರ ಮಣ್ಣು ಸುರಿಯಿತು. ಕೊರೋನಾ ದಾಟಬಾರದಂತೆ. ಆ ಗುಡ್ಡೆ ಹತ್ತಿ ದಾಟಿದವರಿಗೆ ಲಾಠಿ ಬಿತ್ತು.

ಪಾತಮ್ಮ ಮೇಕೆಹಾಲನ್ನು ಬಟ್ಟೆಯ ಬತ್ತಿಯಲ್ಲಿ ಹನಿಸಿ ನೋಡಿದಳು. ಹನ್ನೆರಡು ಮರಿಗಳಲ್ಲಿ ಎರಡು ಸತ್ತವು. ಉಳಿದ ಹತ್ತನ್ನು ಮಂಕರಿಗೆ ತುಂಬಿ, ತಲೆಯ ಮೇಲೆ ಹೊತ್ತು ಗಡಿಗೆ ಹೊರಟಳು.

“ಏನಮ್ಮಾ, ಮಾಸ್ಕ್ ಎಲ್ಲಿ?” ಎಂದ ಕಾವಲಿನ ಪೊಲೀಸಿನವನು.

“ಸೆರಗು ಐತಲ್ಲ ಸ್ವಾಮಿ. ಮರಿಗಳಿಗೂ ಕಟ್ಟಬೇಕೇನು?”

ಮಣ್ಣುಗುಡ್ಡೆಯ ಆಚೆ ಜುಂಜಣ್ಣ ಮಂದೆಯೊಂದಿಗೆ ನಿಂತಿದ್ದ. ಕೈಯಲ್ಲೊಂದು ಚೀಟಿ. “ಸಾ, ಈ ಕಡೆಯೋರು ಬರ್ದು ಕೊಟ್ಟವ್ರೆ ನೋಡ್ರಿ. ಕುರಿಯೋರಿಗೆ ತಡೆ ಇಲ್ಲ ಅಂತ.”

“ಅದು ಅವರ ಸರ್ಕಾರದ ಚೀಟಿ. ಇಲ್ಲಿ ನಡೆಯಲ್ಲ. ನೀನು ಈ ಕಡೆ ಕಾಲಿಟ್ರೆ ಹದಿನಾಲ್ಕು ದಿನ ಹಾಸ್ಟೆಲ್‌ನಾಗೆ ಕೂಡಿಹಾಕ್ತಾರೆ.”

“ಕುರಿ ಯಾರು ಕಾಯ್ತಾರೆ? ನೀವಾ?”

“ಲೇ, ನಾಲಿಗೆ ಬಿಗಿ ಹಿಡಿ.”

ಪಾತಮ್ಮ ಮಂಕರಿ ಇಳಿಸಿದಳು. “ಸ್ವಾಮಿ, ಬೇನೆ ಬಂದ್ರೆ ಬೇಲಿ ಹಾಕಾದು ನಮಗೂ ಗೊತ್ತು. ಬೇನೆ ಬಿದ್ದ ಕುರೀನ ಮುಳ್ಳುಬೇಲಿಯಾಚೆ ಇಡ್ತೀವಿ. ಪರ ಊರಿಂದ ಬಂದೋರು ಮಕ್ಕಳಾದ್ರೂ ಹಟ್ಟಿ ಹೊರಗೆ ಗುಡ್ಲಾಗೆ ಇರ್ತಾರೆ. ಆದ್ರೆ ಆಚೆ ಇಟ್ಟ ಮ್ಯಾಲೆ ಮೇವು, ನೀರು, ಬುತ್ತಿ ಮನೆಗೊಬ್ರು ಹೊರ್ತೀವಿ. ಆಚೆ ಇಡೋರೇ ಹೊರಬೇಕು. ನೀವು ಬೇಲಿ ಹಾಕಿದ್ರಿ. ನೀರು ಯಾರು ಹೊರ್ತಾರೆ?”

“ಅದೆಲ್ಲ ಆರ್ಡರಿನಾಗಿಲ್ಲ.”

“ಕುರಿ ದಾಟಬಾರ್ದು ಅಂತ ಐತಾ?”

ಅವನು ಜೇಬಿನಿಂದ ಕಾಗದ ತೆಗೆದು ಮೇಲಿಂದ ಕೆಳಗೆ ಓದಿದ. ತಿರುವಿ ನೋಡಿದ. “ಕುರಿ ವಿಷ್ಯ ಏನೂ ಇಲ್ಲ.”

ಅವನು ಕಾಗದ ಮಡಿಸುವುದರೊಳಗೆ ಪಾತಮ್ಮ ಮರಿಗಳನ್ನು ಒಂದೊಂದಾಗಿ ಮಣ್ಣುಗುಡ್ಡೆಯ ಮೇಲೆ ಬಿಟ್ಟಳು. ಮರಿಗಳು ಅರಚಿದವು. ಆಚೆ ತಾಯಿಕುರಿಗಳು ಕಿವಿ ನೆಟ್ಟಗೆ ಮಾಡಿ, ಜುಂಜಣ್ಣನ ಕೂಗಿಗೂ ಕಾಯದೆ ಮಣ್ಣು ಹತ್ತಿದವು. ಒಂದು ಹತ್ತಿದರೆ ಕುರಿಗಳಿಗೆ ಅಷ್ಟೇ ಸಾಕು. ನೋಡನೋಡುತ್ತ ಇಡೀ ಮಂದೆ ಧೂಳೆಬ್ಬಿಸಿಕೊಂಡು ಈಚೆ ಇಳಿಯಿತು. ಕಂಬಳಿ ಹೊದ್ದ ಜುಂಜಣ್ಣ ಚೀಟಿ ಹಿಡಿದು ಒಬ್ಬನೇ ಆಚೆ ಉಳಿದ.

ಮರಿಗಳು ಮೊಲೆಗೆ ಬಿದ್ದವು. ಎರಡು ಕುರಿಗಳು ಮಾತ್ರ ಪ್ರತಿ ಮರಿಯನ್ನೂ ಮೂಸಿ, ಖಾಲಿ ಮಂಕರಿಯನ್ನು ಮೂಸಿ, ಮತ್ತೆ ಮೊದಲ ಮರಿಯ ಹತ್ತಿರ ಬಂದವು.

“ಪೋನೀಲೇ ಜುಂಜಣ್ಣಾ, ಹೋಗ್ಲಿ ಬಿಡು,” ಎಂದ ಅವನ ಹಿಂದೆ ನಿಂತಿದ್ದ ಮಲ್ಲಿಕಾರ್ಜುನಪ್ಪ. “ಮಿಕ್ಕ ಮೂರು ರಾತ್ರಿ ರಸ್ತೆ ತೆಗೆದ ಮ್ಯಾಲೆ ನೋಡಾನ. ಅಲ್ಲೀಗಂಟ ನನ್ನ ಮನೇಲಿ ಉಣ್ಣು.”

ರಸ್ತೆ ತೆಗೆಯಲು ನಲವತ್ತು ದಿನ ಹಿಡಿಯಿತು. ಜುಂಜಣ್ಣ ಹಟ್ಟಿಗೆ ಬಂದು, ಹೊರಗಿನ ಗುಡಿಸಲಲ್ಲಿ ದಿನ ಕಳೆದು, ಹೆಂಡತಿಯನ್ನೂ ಕರೆದುಕೊಂಡು ಮಂದೆಯನ್ನು ಮತ್ತೆ ಆಚೆಗೆ ಹೊಡೆದ. ಮೂರು ರಾತ್ರಿ ನಿಲ್ಲಿಸಿದ. ಜೋಳದ ಋಣ ತೀರಿತು.

ವಾಪಸು ಬರುವಾಗ ಕಾವಲಿನಲ್ಲಿ ಅದೇ ಪೊಲೀಸಿನವನಿದ್ದ. “ಎಲ್ಲಾ ಸರಿ ಹೋತಲ್ಲಮ್ಮಾ?”

“ನಮ್ಮ ಬಾಕಿ ನಾವು ತೀರಿಸಿದ್ವಿ ಸ್ವಾಮಿ,” ಎಂದಳು ಪಾತಮ್ಮ. “ಎರಡು ಮರಿ ಬಾಕಿ ಐತೆ. ಆ ಸರ್ಕಾರನ ಕೇಳ್ಲಾ, ಈ ಸರ್ಕಾರನ ಕೇಳ್ಲಾ?”

ಅವನು ಅಡ್ಡಗಂಬ ಎತ್ತಿದ. ಕುರಿಗಳು ದಾಟಿದವು.