ಅಂಚು ಕತ್ತರಿಸಿದ ನಕ್ಷೆ

ಗುರಿ ಮುಟ್ಟಿದವನನ್ನು ಲೋಕ ಹೊಗಳುತ್ತದೆ. ಯಾವ ದಾರಿಯಲ್ಲಿ ಮುಟ್ಟಿದೆಯಪ್ಪಾ ಎಂದು ಯಾರೂ ಕೇಳುವುದಿಲ್ಲ. ಈ ಸಂಗತಿಯನ್ನು ನೆನೆದಾಗಲೆಲ್ಲ ಭೂಗೋಳದ ಮೇಷ್ಟ್ರಿಗೆ ಮೈ ಉರಿಯುತ್ತಿತ್ತು. ಮೂವತ್ತಾರು ವರ್ಷ ಪಾಠ ಹೇಳಿ ನಿವೃತ್ತರಾದ ಮೇಲೆ ಆ ಉರಿಗೆ ಮಕ್ಕಳು ಸಿಗದೆ, ಅದು ಮನೆಯೊಳಗಿನ ಒಂದು ಗುಲಾಬಿ ಗೆರೆಯ ಮೇಲೆ ತಿರುಗಿತು.

ಗೆರೆ ಇದ್ದದ್ದು ಕಂಪ್ಯೂಟರಿನಲ್ಲಿ. ರಸ್ತೆ ಇಲಾಖೆಯಲ್ಲಿ ಸರ್ವೆಯರ್ ಆಗಿದ್ದ ಮಗಳು, ಅಪ್ಪ ಬೆಳಗಿನಿಂದ ಸಂಜೆಯವರೆಗೆ ಅಮ್ಮನ ತಪ್ಪು ತಿದ್ದುತ್ತ ಕುಳಿತರೆ ಇಬ್ಬರಲ್ಲೊಬ್ಬರು ಮನೆ ಬಿಡುವುದು ಖಂಡಿತವೆಂದು ಮನಗಂಡು, ತನ್ನ ಹಳೆಯ ಕಂಪ್ಯೂಟರನ್ನು ತಂದು ವಿಮಾನ ಹಾರಿಸುವ ಸಿಮ್ಯುಲೇಟರ್ ಹಾಕಿಕೊಟ್ಟಿದ್ದಳು. ಬಟ್ಟೆ ಒಗೆಯುವ ಯಂತ್ರದ ಪಕ್ಕದ ಇಸ್ತ್ರಿ ಮೇಜೇ ವಿಮಾನ. ಊಟದ ಕುರ್ಚಿಯ ಮೇಲೆ ಎರಡು ದಿಂಬು ಹಾಕಿದರೆ ಪೈಲಟ್ಟಿನ ಆಸನ. ಯಂತ್ರ ಬಟ್ಟೆ ಹಿಂಡುವಾಗ ಮೇಜು ಗಡಗಡ ನಡುಗುತ್ತಿತ್ತು. ಮೇಷ್ಟ್ರು ಅದನ್ನು ಮೋಡದೊಳಗಿನ ಅಲುಗಾಟವೆಂದು ಸ್ವೀಕರಿಸಿದ್ದರು.

ಇಡೀ ಭೂಮಿಯನ್ನು ಸೀಮೆಸುಣ್ಣದಲ್ಲಿ ಬರೆದು ತೋರಿಸಿದವರು ಅದನ್ನು ಮೇಲಿನಿಂದ ಕಂಡದ್ದು ಆಗಲೇ. ಕಡಲು ಸೇರುವ ಮುನ್ನ ನದಿಯೊಂದು ಬೆರಳು ಬಿಡಿಸಿದಂತೆ ಕವಲೊಡೆದದ್ದನ್ನು ನೋಡಿ, “ನಾನು ಮಕ್ಕಳಿಗೆ ಸುಳ್ಳು ಹೇಳಿರ್ಲಿಲ್ಲ ಕಣೇ!” ಎಂದು ಅಡುಗೆಮನೆಗೆ ಕೇಳುವಂತೆ ಕೂಗಿದ್ದರು.

“ಹೇಳಿದೀರಿ ಅಂತ ಯಾರಂದ್ರು ಈಗ?” ಎಂದಿತು ಅಡುಗೆಮನೆ.

ಆದರೆ ಈ ಸಿಮ್ಯುಲೇಟರಿನಲ್ಲಿ ಒಂದು ದುಷ್ಟ ಅನುಕೂಲವಿತ್ತು. ಹೋಗಬೇಕಾದ ಊರನ್ನು ಆರಿಸಿದರೆ ಸಾಕು, ಅಲ್ಲಿಯವರೆಗೂ ತಾನೇ ಒಂದು ಗುಲಾಬಿ ಗೆರೆ ಎಳೆದುಕೊಡುತ್ತಿತ್ತು. ಮೇಷ್ಟ್ರು ಅದಕ್ಕೆ ಮೊದಲ ದಿನವೇ ‘ಕಾಪಿ ಚೀಟಿ’ ಎಂದು ಹೆಸರಿಟ್ಟು ನಿಲ್ಲಿಸಿಬಿಟ್ಟಿದ್ದರು. ತೊಡೆಯ ಮೇಲೆ ಕಾಗದದ ನಕ್ಷೆ, ಕಿವಿಗೆ ಪೆನ್ಸಿಲ್, ಕೋನಮಾಪಕ, ಕೈಗಡಿಯಾರ, ವಿಮಾನದ ದಿಕ್ಸೂಚಿ. ಇವಿಷ್ಟರಿಂದ ತಲುಪಿದರೆ ತಲುಪಿದಂತೆ; ಉಳಿದದ್ದೆಲ್ಲ ಪಕ್ಕದ ಹುಡುಗನ ಉತ್ತರಪತ್ರಿಕೆ ನೋಡಿ ಬರೆದಂತೆ.

ಇದಕ್ಕೆ ತದ್ವಿರುದ್ಧವಾದ ಪ್ರಾಣಿ ಎಂದರೆ ಹೆಂಡತಿಯ ತಮ್ಮ. ಪ್ರವಾಸದ ಏಜೆಂಟ್. ಏಳು ದಿನದಲ್ಲಿ ಹನ್ನೊಂದು ಊರು ತೋರಿಸುವುದೇ ಅವನ ಕಸುಬು. ಅವನೊಂದಿಗೆ ಹೋದವರಿಗೆ ಊರುಗಳಿಗಿಂತ ಬಸ್ಸಿನ ಮೆಟ್ಟಿಲುಗಳೇ ಹೆಚ್ಚು ನೆನಪಿರುತ್ತಿದ್ದವು. ಪ್ರತಿ ಭಾನುವಾರ ಬಂದು ಭಾವನ ಕುರ್ಚಿಯಲ್ಲಿ ಕುಳಿತು ಗುಂಡಿ ಒತ್ತಿ ಒತ್ತಿ ಜಗತ್ತನ್ನು ಕುಪ್ಪಳಿಸುತ್ತಿದ್ದ.

“ಅಕ್ಕ ಕಾಫಿ ಸೋಸೋದ್ರೊಳಗೆ ಒಂಬತ್ತು ಜಲಪಾತ ಮುಗಿಸ್ದೆ ಭಾವ!”

“ಮುಗಿಸ್ದೆ ಅನ್ನು, ನೋಡ್ದೆ ಅನ್ಬೇಡ. ಮೂರನೇದು ಯಾವ ದಿಕ್ಕಿಗೆ ಬೀಳ್ತಿತ್ತು?”

“ಕೆಳಗಡೆಗೆ ಭಾವ.”

ಇಂಥ ಉತ್ತರಕ್ಕೆ ಹಿಂದೆ ಮೇಷ್ಟ್ರ ಬಳಿ ಬೆತ್ತವಿತ್ತು. ಈಗ ಬರೀ ನಿಟ್ಟುಸಿರು. ಒಂದು ಭಾನುವಾರ ಅದೂ ಸಾಲದೆ, ತಮ್ಮ ತರಗತಿಯ ಕರಿಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದ್ದ ವಾಕ್ಯವನ್ನು ಎದ್ದು ನಿಂತು ಹೇಳಿದರು: “ನಕ್ಷೆ ಬಲ್ಲವನಿಗೆ ದಾರಿ ತಪ್ಪದು!”

ಏಜೆಂಟನಿಗೆ ಅದೇ ಬೇಕಾಗಿತ್ತು. ಭೂಮಿಯ ಮೇಲ್ತುದಿಯ ಒಂದು ಚಳಿಸೀಮೆಯ ಕಡಲಲ್ಲಿ, ಎಳ್ಳುಕಾಳಿನಷ್ಟು ಚುಕ್ಕೆಯ ಮೇಲೆ ಬೆರಳಿಟ್ಟ. ದಡದಿಂದ ನೂರಿಪ್ಪತ್ತು ಕಿಲೋಮೀಟರು. ಒಂದು ಬಂಡೆ, ಅದರ ಮೇಲೊಂದು ದೀಪಸ್ತಂಭ. ಸುತ್ತ ನೀರಲ್ಲದೆ ಇನ್ನೇನೂ ಇಲ್ಲ.

“ಬರೋ ಭಾನುವಾರ ಇಲ್ಲಿಗೆ ಕರ್ಕೊಂಡು ಹೋಗಿ ಭಾವ, ಗೆರೆ ಇಲ್ದೆ. ಮುಟ್ಟಿದ್ರೆ ನಿಮ್ಮ ವಾಕ್ಯಾನ ನನ್ನ ಆಫೀಸ್ ಗೋಡೆ ಮೇಲೆ ಬರೆಸ್ತೀನಿ. ಮುಟ್ಟಲಿಲ್ವೋ, ಅದು ಸುಳ್ಳು ಅಂತ ಎಲ್ಲರ ಮುಂದೆ ಒಪ್ಕೊಂಡು, ಮುಂದಿನ ವಾರದಿಂದ ನಮ್ಮ ಹಾಗೆ ಗುಲಾಬಿ ಗೆರೆ ಹಿಡ್ಕೊಂಡೇ ಹೋಗ್ಬೇಕು.”

ಮೂವತ್ತಾರು ವರ್ಷದ ಮಾತು ಪಣಕ್ಕೆ ಬಿತ್ತು. ಮೇಷ್ಟ್ರು ಒಪ್ಪಿದರು.

ಮಗಳು ಆ ಸೀಮೆಯ ನಕ್ಷೆಯನ್ನು ಒಂಬತ್ತು ಹಾಳೆಗಳಲ್ಲಿ ಮುದ್ರಿಸಿ ತಂದಳು. ಮೇಷ್ಟ್ರು ನಾಲ್ಕೂ ಕಡೆಯ ಬಿಳಿ ಅಂಚುಗಳನ್ನು ಕತ್ತರಿಸಿ, ಗೆರೆಗೆ ಗೆರೆ ಕೂಡುವಂತೆ ಹಾಳೆಗಳನ್ನು ಅಂಟಿಸಿದರು. ಕತ್ತರಿಸಿದ ಪಟ್ಟಿಗಳನ್ನು ಹೆಂಡತಿ ಸಾಮಾನಿನ ಚೀಟಿ ಬರೆಯಲೆಂದು ಆಯ್ದುಕೊಂಡು ಹೋದರು.

“ಅಪ್ಪ, ಅಂಚಲ್ಲಿರೋದನ್ನ ಓದಿದ್ಯಾ?” ಎಂದಳು ಮಗಳು.

“ಅಂಚಲ್ಲಿ ಏನಿರುತ್ತೆ? ಅಚ್ಚು ಹಾಕಿದವನ ಹೆಸರಿರುತ್ತೆ.”

ಮಗಳು ಏನೋ ಹೇಳಹೊರಟವಳು ಬಾಯಿ ಮುಚ್ಚಿಕೊಂಡಳು.

ಭಾನುವಾರ ನಾಲ್ಕು ಗಂಟೆಗೆ ಪ್ರಯಾಣಿಕರು ಆಸೀನರಾದರು: ಹೆಂಡತಿ ಬಟ್ಟೆಯ ಬುಟ್ಟಿಯನ್ನು ಬೋರಲು ಹಾಕಿಕೊಂಡು, ಏಜೆಂಟ್ ಸ್ಟೂಲಿನ ಮೇಲೆ, ಮಗಳು ಬಾಗಿಲಿಗೆ ಒರಗಿ. ಮೊಬೈಲುಗಳನ್ನು ಬಂದ್ ಮಾಡಿಸಲಾಯಿತು. ಸಿಮ್ಯುಲೇಟರಿನೊಳಗಿನ ಗಾಳಿಯನ್ನು ಮಗಳು ಮೊದಲೇ ನಿಲ್ಲಿಸಿದ್ದಳು. ಕೋನಮಾಪಕದ ಪ್ರಕಾರ ದೀಪಸ್ತಂಭವಿದ್ದದ್ದು ನೇರ ಪಶ್ಚಿಮಕ್ಕೆ, ಇನ್ನೂರೆಪ್ಪತ್ತು ಡಿಗ್ರಿ. ಗಂಟೆಗೆ ನೂರೆಂಬತ್ತು ಕಿಲೋಮೀಟರಿನಂತೆ ನಲವತ್ತು ನಿಮಿಷದ ದಾರಿ.

“ಸರಿಯಾಗಿ ಒಂದು ಪಿರಿಯಡ್ಡು,” ಎಂದರು ಮೇಷ್ಟ್ರು ಪ್ರಸನ್ನರಾಗಿ, ವಿಮಾನವನ್ನು ನೆಲ ಬಿಡಿಸುತ್ತ.

ಬಂದರಿನ ದೋಣಿಗಳು, ಕೆಂಪು ಮಾಡಿನ ಮನೆಗಳು ಕೆಳಗೆ ಸರಿದುಹೋದವು. “ಅಷ್ಟೊಂದು ಮನೆ, ಒಂದರ ಹಿಂದೂ ಬಟ್ಟೆ ಹಗ್ಗ ಇಲ್ವಲ್ರೀ. ಈ ಜನ ಒಗೆಯೋದೇ ಇಲ್ವಾ?” ಎಂದು ಹೆಂಡತಿ ಕನಿಕರಪಟ್ಟರು. ಆಮೇಲೆ ಕಡಲು. ನೀಲಿ, ಮತ್ತಷ್ಟು ನೀಲಿ. ಮೇಷ್ಟ್ರು ದಿಕ್ಸೂಚಿಯಿಂದ ಕಣ್ಣು ಕೀಳಲಿಲ್ಲ. ಸೂಜಿ ಹೇಳಿದ ಇನ್ನೂರೆಪ್ಪತ್ತರಿಂದ ಕೂದಲೆಳೆಯಷ್ಟೂ ಕದಲಲಿಲ್ಲ. ಏಜೆಂಟ್ ಇಪ್ಪತ್ತನೆಯ ನಿಮಿಷಕ್ಕೇ ಗೊರಕೆ ಹೊಡೆಯತೊಡಗಿದ್ದ.

ನಲವತ್ತನೆಯ ನಿಮಿಷ ಬಂತು. ದೀಪಸ್ತಂಭ ಬರಲಿಲ್ಲ.

ಐವತ್ತು. ಮೇಷ್ಟ್ರು ಎಡಕ್ಕೊಂದು ಸುತ್ತು ಹಾಕಿದರು, ಬಲಕ್ಕೊಂದು ಸುತ್ತು ಹಾಕಿದರು. ಏಜೆಂಟ್ ಎಚ್ಚೆತ್ತು, “ಬಂತಾ ಭಾವ?” ಎಂದ. ಒಂದು ಗಂಟೆ ಹತ್ತು ನಿಮಿಷಕ್ಕೆ ಇಂಧನ ತೀರಿ ಎಂಜಿನ್ ಕೆಮ್ಮಿತು, ನಿಂತಿತು. ವಿಮಾನ ಮೆಲ್ಲಗೆ ನೀರಿಗಿಳಿಯಿತು.

“ನಂಗೆ ಈಜು ಬರಲ್ಲ ಅಂತ ಗೊತ್ತಿದ್ದೂ ಕರ್ಕೊಂಡು ಬಂದ್ರಲ್ರೀ!” ಎಂದರು ಹೆಂಡತಿ.

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಈ ಗಾದೆಯನ್ನು ಸಾವಿರ ಮಕ್ಕಳಿಗೆ ಹೇಳಿದ ಮೇಷ್ಟ್ರು ಅಂದು ತಾವೇ ನೆಲದ ಡೊಂಕು ಹುಡುಕತೊಡಗಿದರು.

“ಗಾಳಿ ತಳ್ಳಿದೆ.”

“ಗಾಳಿ ಇರ್ಲಿಲ್ಲ ಅಪ್ಪ.”

“ಹಾಗಾದ್ರೆ ಈ ಯಂತ್ರ ಮೇಜು ಅಲುಗಾಡಿಸಿದೆ.”

“ಇವತ್ತು ಒಗೆಯೋದು ಇರ್ಲಿಲ್ಲ,” ಎಂದರು ಹೆಂಡತಿ.

ಏಜೆಂಟನಿಗೂ ಪಾಪ ಎನ್ನಿಸಿರಬೇಕು. “ಹೋಗ್ಲಿ ಬಿಡಿ ಭಾವ. ಆಟದವರೇ ದೀಪಸ್ತಂಭ ಹಾಕೋದು ಮರ್ತಿರ್ತಾರೆ. ನಿಮ್ಮ ತಪ್ಪಲ್ಲ. ಪಂದ್ಯ ಇಲ್ಲ ಅಂದ್ಕೊಳ್ಳೋಣ.”

ಎಷ್ಟು ಸುಲಭದ ಬಾಗಿಲು! ತಲೆಯಾಡಿಸಿದ್ದರೆ ಸಾಕಿತ್ತು. ಮನುಷ್ಯನನ್ನು ಕೆಡಿಸುವವರು ಶತ್ರುಗಳಲ್ಲ, ಇಂಥ ಹೊತ್ತಿನಲ್ಲಿ ಕರುಣೆ ತೋರುವ ನೆಂಟರು. ಮೇಷ್ಟ್ರ ತಲೆ ಅರ್ಧ ಆಡಿಯೂ ಬಿಟ್ಟಿತ್ತು. ಅಷ್ಟರಲ್ಲಿ ಮೂವತ್ತಾರು ವರ್ಷದ ಅಭ್ಯಾಸ ಬಾಯಿಂದ ತಾನಾಗಿ ಹೊರಬಿತ್ತು: “ಕಾರಣ ಗೊತ್ತಿದ್ದವರು ಕೈ ಎತ್ತಿ.”

ಬಾಗಿಲ ಬಳಿ ಒಂದು ಕೈ ಮೇಲೆದ್ದಿತು.

“ಹೇಳಮ್ಮ.”

“ಸೂಜಿ ಉತ್ತರ ತೋರಿಸ್ತಿರ್ಲಿಲ್ಲ, ಮೇಷ್ಟ್ರೇ.”

ಮಗಳು ಅವರನ್ನು ಹಾಗೆ ಕರೆದು ಇಪ್ಪತ್ನಾಲ್ಕು ವರ್ಷವಾಗಿತ್ತು. ಅವಳು ಏಳನೆಯ ತರಗತಿಯಲ್ಲಿ ಅವರದೇ ಶಿಷ್ಯೆಯಾಗಿದ್ದಾಗ, ಶಾಲೆಯ ಗೇಟಿನೊಳಗೆ ಅಪ್ಪನಿಲ್ಲ, ಮೇಷ್ಟ್ರು ಮಾತ್ರ ಎಂದು ಕಟ್ಟಳೆ ಮಾಡಿದವರು ಅವರೇ.

ಮಗಳು ಅಡುಗೆಮನೆಗೆ ಹೋಗಿ, ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಒಂದು ಕಾಗದದ ಪಟ್ಟಿ ತಂದುಕೊಟ್ಟಳು. ಒಂದು ಮಗ್ಗುಲಲ್ಲಿ ಹೆಂಡತಿಯ ಅಕ್ಷರ: ಸೋಪು, ಉಪ್ಪು, ಬಲ್ಬು, ಮಂಡಿಗೆ ಎಣ್ಣೆ. ಇನ್ನೊಂದು ಮಗ್ಗುಲಲ್ಲಿ ಸಣ್ಣ ಅಚ್ಚಿನಲ್ಲಿ ಎರಡು ಬಾಣ, ಒಂದು ಸಾಲು: ಈ ಸೀಮೆಯಲ್ಲಿ ಸೂಜಿಯ ಉತ್ತರವು ನಿಜವಾದ ಉತ್ತರಕ್ಕಿಂತ ಹದಿನೇಳು ಡಿಗ್ರಿ ಎಡಕ್ಕೆ.

“ಅಂದ್ರೆ ಸೂಜಿ ನಂಬ್ಕೊಂಡು ನೇರ ಹೋದೋರು ಎಡಕ್ಕೆ ಜಾರ್ತಾರೆ. ಆ ಬಂಡೆ ನಮ್ಮ ಬಲಕ್ಕೆ ಮೂವತ್ತೈದು ಕಿಲೋಮೀಟರ್ ಆಚೆ ಇತ್ತು,” ಎಂದಳು ಮಗಳು. “ನಮ್ಮೂರಲ್ಲಿ ಸೂಜಿ ಹೆಚ್ಚುಕಡಿಮೆ ನೇರವಾಗೇ ನಿಲ್ಲುತ್ತೆ. ಅದಕ್ಕೇ ಇಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ.”

ಮೇಷ್ಟ್ರಿಗೆ ಎಲ್ಲವೂ ನೆನಪಾಯಿತು. ಅರ್ಧವಾರ್ಷಿಕ ಪರೀಕ್ಷೆ. ದಿಕ್ಸೂಚಿಯ ಸೂಜಿ ಯಾವ ದಿಕ್ಕನ್ನು ತೋರಿಸುತ್ತದೆ? ಇಡೀ ತರಗತಿ ‘ಉತ್ತರ’ ಎಂದು ಬರೆದಿತ್ತು. ಎರಡು ಜಡೆಯ ಒಬ್ಬಳು ಮಾತ್ರ ‘ಸುಮಾರಾಗಿ ಉತ್ತರ’ ಎಂದು ಬರೆದಿದ್ದಳು. ಸೊನ್ನೆ ಹಾಕಿದಾಗ, ಗೋಡೆಯ ನಕ್ಷೆಯ ಅಂಚಿನಲ್ಲಿ ಹಾಗೆ ಬರೆದಿದೆ ಎಂದು ಎದುರುತ್ತರ ಕೊಟ್ಟಿದ್ದಳು. “ಪರೀಕ್ಷೆಗೆ ಅಂಚು ಬರಲ್ಲ!” ಎಂದು ಗುಡುಗಿ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಅಂದು ಸಂಜೆ, ಸ್ವಂತ ಮಗಳಿಗೂ ರಿಯಾಯಿತಿ ತೋರದ ತಮ್ಮ ನಿಷ್ಪಕ್ಷಪಾತದ ಬಗ್ಗೆ ಹೆಂಡತಿಯೆದುರು ಎರಡು ಸಲ ಹೇಳಿಕೊಂಡಿದ್ದರು ಕೂಡ.

ತಪ್ಪು ಮಾಡಿದವನು ಎದ್ದು ನಿಲ್ಲಬೇಕು. ಆ ನಿಯಮವನ್ನು ಬರೆದ ಕೈಗೆ ಅದರಿಂದ ವಿನಾಯಿತಿ ಎಲ್ಲಿಯೂ ಇಲ್ಲ. ಮೇಷ್ಟ್ರು ಕಿವಿಯ ಪೆನ್ಸಿಲ್ ತೆಗೆದು ಕೆಳಗಿಟ್ಟರು, ದಿಂಬುಗಳನ್ನು ಕುರ್ಚಿಯಿಂದ ಇಳಿಸಿದರು, ಕುರ್ಚಿಯ ಮೇಲೆ ಒಂದು ಕಾಲಿಟ್ಟರು.

“ಅಯ್ಯೋ ಇಳೀರಿ! ಮಂಡಿ!” ಎಂದು ಹೆಂಡತಿ ಚೀರಿ ಅಂಗಿ ಹಿಡಿದೆಳೆದರು. “ಎಣ್ಣೆ ಬೇರೆ ಇನ್ನೂ ತಂದಿಲ್ಲ!”

“ಬಿಡೇ. ಅವಳು ಬೆಂಚಿನ ಮೇಲೆ ನಿಂತಿದ್ಳು.”

“ಅವಳಿಗೆ ಹನ್ನೆರಡು ವರ್ಷ, ನಿಮಗೆ ಅರವತ್ತೆರಡು. ನೆಲದ ಮೇಲೆ ನಿಂತ್ಕೊಳ್ಳಿ, ಸಾಕು.”

ಶಿಕ್ಷೆ ನೆಲಕ್ಕಿಳಿಯಿತು. ಮೇಷ್ಟ್ರು ಕೈಕಟ್ಟಿ ನಿಂತು, ಮೊದಲು ಏಜೆಂಟನ ಕಡೆ ತಿರುಗಿದರು. “ಆ ವಾಕ್ಯ ತಪ್ಪು. ನಕ್ಷೆ ಬಲ್ಲೆ ಅಂದ್ಕೊಂಡೋನಿಗೂ ದಾರಿ ತಪ್ಪುತ್ತೆ. ಮುಂದಿನ ಭಾನುವಾರದಿಂದ ನಿನ್ನ ಗುಲಾಬಿ ಗೆರೆ.” ಆಮೇಲೆ ಬಾಗಿಲ ಕಡೆ ತಿರುಗಿದರು, ಅಲ್ಲಿಯವರೆಗೆ ಗಟ್ಟಿಯಾಗಿದ್ದ ಧ್ವನಿ ಸ್ವಲ್ಪ ಇಳಿಯಿತು. “ನಿನ್ನ ಉತ್ತರ ಸರಿಯಿತ್ತಮ್ಮ. ನಾನು ಅಂಚು ಓದಿರ್ಲಿಲ್ಲ.”

ಸಾಮಾನಿನ ಚೀಟಿಯ ಮೇಲೆ, ಬಾಣಗಳ ಪಕ್ಕ, ಕೆಂಪು ಶಾಯಿಯಲ್ಲಿ ಒಂದು ಅಂಕ ಬರೆದು, ಸುತ್ತಿ, ಸಹಿ ಹಾಕಿ, ತಾರೀಖು ನಮೂದಿಸಿ ಕೊಟ್ಟರು. ಏಜೆಂಟ್ ನಗಲು ಬಾಯಿ ತೆರೆದವನು, ಅಕ್ಕನ ಮುಖ ನೋಡಿ ಅದನ್ನು ಆಕಳಿಕೆಯಾಗಿ ಪರಿವರ್ತಿಸಿದ.

ಮಗಳು ಅಂಕವನ್ನು ಪರೀಕ್ಷಿಸಿ ಚೀಟಿಯನ್ನು ಮಡಚಿಟ್ಟುಕೊಂಡಳು. ಮೇಷ್ಟ್ರು ಕುರ್ಚಿ ಎಳೆದುಕೊಳ್ಳುವುದನ್ನು ಕಂಡು, “ಇನ್ನೂ ಕೂರೋ ಹಾಗಿಲ್ಲ ಮೇಷ್ಟ್ರೇ,” ಎಂದಳು. “ನನ್ನನ್ನ ಪೂರ್ತಿ ಪಿರಿಯಡ್ ನಿಲ್ಲಿಸಿದ್ರಿ.”

“ನ್ಯಾಯವಾದ ಮಾತು,” ಎಂದರು ಮೇಷ್ಟ್ರು. “ನಿಂತ್ಕೊಂಡೇ ಇನ್ನೊಂದ್ಸಲ ಹೋಗ್ಬರ್ತೀನಿ.”

ವಿಮಾನ ಮತ್ತೆ ನೆಲ ಬಿಟ್ಟಿತು. ಈ ಸಲ ಸೂಜಿಯ ಮೇಲೆ ಇನ್ನೂರ ಎಂಬತ್ತೇಳು. ಮೇಷ್ಟ್ರು ಕೈಗಡಿಯಾರವನ್ನು ಬಿಚ್ಚಿ ಮಗಳ ಕೈಗಿತ್ತು, ಇಸ್ತ್ರಿ ಮೇಜಿಗೆ ಬಾಗಿ ನಿಂತೇ ಹಾರಿಸಿದರು. ಹತ್ತು ನಿಮಿಷಕ್ಕೊಮ್ಮೆ ಕಾಲು ಬದಲಿಸುತ್ತಿದ್ದರು. ಅದೇ ಬಂದರು, ಅದೇ ಹಗ್ಗವಿಲ್ಲದ ಮನೆಗಳು, ಅದೇ ಕಡಲು. ಏಜೆಂಟ್ ನಿದ್ದೆ ಮಾಡಲಿಲ್ಲ. ಇಪ್ಪತ್ತೈದನೆಯ ನಿಮಿಷಕ್ಕೆ ಸ್ಟೂಲನ್ನು ಮುಂದಕ್ಕೆಳೆದುಕೊಂಡ. ಮೂವತ್ತೆಂಟಕ್ಕೆ ನೀಲಿಯ ನಡುವೆ ಬಿಳಿಯ ಒಂದು ಚುಕ್ಕೆ ಮೂಡಿತು. ಮೇಷ್ಟ್ರು ಅದನ್ನು ಧೂಳೆಂದು ತಿಳಿದು ತೆರೆಯನ್ನು ಅಂಗಿಯ ತುದಿಯಿಂದ ಒರೆಸಿದರು. ಚುಕ್ಕೆ ಹೋಗಲಿಲ್ಲ. ಬೆಳೆಯಿತು, ಬಂಡೆಯಾಯಿತು, ಬಂಡೆಯ ಮೇಲೆ ಬೆರಳಿನಂತೆ ದೀಪಸ್ತಂಭ ನಿಂತಿತು.

“ಇದೇನಾ? ಸುಣ್ಣ ಬಳಿದು ಎಷ್ಟು ವರ್ಷ ಆಯ್ತೋ,” ಎಂದರು ಹೆಂಡತಿ, ಬುಟ್ಟಿಯಿಂದ ಎದ್ದು ಹತ್ತಿರ ಬಂದು ಬಗ್ಗಿ ನೋಡುತ್ತ.

“ಭಾವ, ಒಂದು ಸುತ್ತು ಹಾಕಿ, ಒಂದೇ ಒಂದು,” ಎಂದ ಒಂಬತ್ತು ಜಲಪಾತಗಳನ್ನು ಮುಗಿಸಿದವನು.

ಮೇಷ್ಟ್ರು ಸುತ್ತು ಹಾಕಿದರು. ಈಗ ನಿಮಿಷಕ್ಕೊಮ್ಮೆ ಕಾಲು ಬದಲಿಸುತ್ತಿದ್ದರು, ಕಣ್ಣು ದಿಕ್ಸೂಚಿಯನ್ನು ಬಿಟ್ಟು ಮೊದಲ ಬಾರಿಗೆ ಹೊರಗೆ ನೋಡುತ್ತಿತ್ತು. ಹಿಂದಿನಿಂದ ಕುರ್ಚಿಯ ಕಾಲುಗಳು ನೆಲಕ್ಕೆ ಉಜ್ಜಿದ ಸದ್ದು ಕೇಳಿಸಿತು. ಅದರ ಮೇಲೆ ಯಾರೋ ಎರಡೂ ದಿಂಬುಗಳನ್ನು ತಟ್ಟಿ ಇಟ್ಟರು.

“ನಲವತ್ತು ನಿಮಿಷ. ಗಂಟೆ ಹೊಡೀತು,” ಎಂದಳು ಮಗಳು, ಕೈಗಡಿಯಾರವನ್ನು ಅವರ ಕೈಗೆ ಕಟ್ಟುತ್ತ. “ಕೂತ್ಕೋ ಅಪ್ಪ.”