ಮಲಗಿಸುವ ಚಮಚ

"ಹಸ ಸೋರಿದ್ರೆ ಚೊಂಬಾದ್ರೂ ಹಿಡೀಬೋದು. ನೀನ್ ಸೋರಿದ್ರೆ ಏನ್ಲೇ ಹಿಡ್ಯಾದು?" ಎಂದ ಮೊಗಾಕಾ, ಬೊಸಿಬೋರಿಯ ಅಂಗಿಯ ಮೇಲಿನ ಒದ್ದೆ ಕಲೆಗಳನ್ನು ನೋಡುತ್ತ. "ಬಟ್ಟೆ ಬಿಗಿದು ಕಟ್ಕೋ. ಈ ಗುಲಾಬಿ ಹೂ ವಿಮಾನ ಹತ್ತಾದು, ನಿನ್ ಹಾಲಿನ ವಾಸ್ನೆ ಹೊತ್ಕಂಡು ಹೋಗಾಕಾಯ್ತದಾ?"

ಬೊಸಿಬೋರಿ ಕೇಳಿದ್ದು ಇಷ್ಟೇ: ಎದೆ ಕಲ್ಲಾಗಿದೆ, ಕೂಸಿಗೆ ಒಂದು ಸಲ ಕುಡಿಸಿ ಬರಲೇ?

"ಅತ್ತಿದ್ಯಾ ನಿನ್ ಕೂಸು?"

ಇಲ್ಲ. ಅತ್ತಿರಲಿಲ್ಲ.

ನೈವಾಶಾ ಸರೋವರದ ದಂಡೆಯ ಆ ಹೂತೋಟದಲ್ಲಿ ಮೊಗಾಕಾನನ್ನು ಎಲ್ಲರೂ ಡಾಕ್ಟರು ಎನ್ನುತ್ತಿದ್ದರು. ಅವನು ಡಾಕ್ಟರಿಕೆ ಓದಿರಲಿಲ್ಲ; ಬಿಳಿ ಕೋಟಿತ್ತು, ಜೇಬಿನಲ್ಲಿ ಪೆನ್ನಿತ್ತು, ಸಾಕಾಗಿತ್ತು. ಔಷಧಿ ಕೋಣೆ ಅವನ ಕೈಯಲ್ಲಿ, ಹೆಂಗಸರು ಕೂಸುಗಳನ್ನು ಬಿಟ್ಟುಬರುವ ತಗಡಿನ ಶಿಶುಮನೆಯೂ ಅವನ ಕೈಯಲ್ಲಿ. ಬೊಸಿಬೋರಿಯ ಹಾಗೆ ಕಿಸಿ ಗುಡ್ಡಗಳ ಕಡೆಯವನೇ. ಕುಡಿದಾಗ ಅವಳನ್ನು ತಂಗಿ ಎನ್ನುತ್ತಿದ್ದ.

ಕೂಸು ಅತ್ತರೆ ತಾಯಿ ಕೆಲಸ ಬಿಟ್ಟು ಹೋಗಬಹುದು. ಹೂ ಕೊಳ್ಳುವ ದೂರದೇಶದವರು ಹಟ ಹಿಡಿದು ಬರೆಸಿದ ಕಾನೂನು ಅದು. ಮೊಗಾಕಾ ಕಾನೂನು ಮುರಿಯುವವನಲ್ಲ. ಕೂಸುಗಳು ಅಳದ ಹಾಗೆ ನೋಡಿಕೊಂಡ. ಬೆಳಿಗ್ಗೆ ಬೆಳಿಗ್ಗೆ ತಲೆಗೊಂದು ಚಮಚ ನೆಗಡಿ ಸಿರಪ್ಪು. ನೆಗಡಿ ಇರಲಿ, ಬಿಡಲಿ.

ಬೊಸಿಬೋರಿಯ ಮಗಳು ಕ್ವಾಂಬೋಕಾ ಮೊದಲು ಮೊಲೆ ಕಚ್ಚಿ ಕುಡಿಯುತ್ತಿದ್ದಳು. ಈಗ ಸಂಜೆ ಎತ್ತಿಕೊಂಡರೆ ಕತ್ತು ಜೋತುಬೀಳುತ್ತಿತ್ತು. ತೊಟ್ಟು ಬಾಯಲ್ಲಿದ್ದರೂ ಎಳೆಯುತ್ತಿರಲಿಲ್ಲ. ಈ ನಿದ್ದೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಬೊಸಿಬೋರಿಗೆ ಗೊತ್ತಿತ್ತು. ಪಕ್ಕದ ಸಾಲಿನಲ್ಲಿ ಹೂ ಕೊಯ್ಯುವ ಕೆರೂಬೋಳ ಗಂಡುಕೂಸು ಹೀಗೇ ಮಲಗಿ ಎದ್ದಿರಲಿಲ್ಲ. ಮೊಗಾಕಾ ತಣ್ಣಗೆ ಹೇಳಿದ್ದ: "ಹಾಲ್ ಕುಡ್ದು ಮಲ್ಗಿತ್ತು. ಕೂಸುಗಳೇ ಹಂಗೆ, ಎದ್ರೆ ಎದ್ದಂಗೆ." ಮಣ್ಣು ಮಾಡಿ ಬಂದ ಕೆರೂಬೋ ಮತ್ತೆ ಕತ್ತರಿ ಹಿಡಿದಳು. ಕೂಸು ಹೋದ ಸುದ್ದಿ ಅವಳ ಎದೆಗೆ ಮಾತ್ರ ಇನ್ನೂ ತಲುಪಿರಲಿಲ್ಲ. ಹೊತ್ತು ಹೊತ್ತಿಗೆ ತುಂಬಿಕೊಳ್ಳುತ್ತಿತ್ತು.

ಹೂ ಕೊಳ್ಳುವವರು ಶಿಶುಮನೆ ನೋಡಲು ಬರುವ ದಿನ ಮೊಗಾಕಾ ಬೆಳಿಗ್ಗೆಯೇ ಬಂದು ಆಯಾ ವಾಂಗೆಶಿಯ ಕೈಗೆ ಹೊಸ ಬಾಟಲಿ ಕೊಟ್ಟ. "ಇವತ್ತು ಎರಡೆರಡು ಚಮಚ ಹಾಕು, ಮುದ್ಕಿ. ಬಿಳಿಯೋರ ಮುಂದೆ ಒಂದ್ ಮುಂಡೇದೂ ಕುಂಯ್ ಅನ್ಬಾರ್ದು. ಆಮ್ಯಾಕೆ ನಂಗೆ ಚಾ ತಂದ್ಕೊಡು."

ಅವನು ಆ ಕಡೆ ಹೋದದ್ದೇ, ಕೂಸು ಬಿಡಲು ಬಂದ ಬೊಸಿಬೋರಿ ಮುದುಕಿಯ ಮಣಿಕಟ್ಟು ಹಿಡಿದಳು. ವಾಂಗೆಶಿ ಬಾಟಲಿಯ ಮುಚ್ಚಳ ತೆಗೆದಳು.

"ಬುಡವ್ವ, ನೆಲಕ್ಕೆ ಸುರುದ್ಬುಡ್ತೀನಿ."

"ನೆಲ ಏನ್ ಪಾಪ ಮಾಡೈತೆ?" ಎಂದಳು ಬಾಗಿಲಲ್ಲಿದ್ದ ಕೆರೂಬೋ.

ಒಲೆಯ ಮೇಲೆ ಚಾ ಕುದಿಯುತ್ತಿತ್ತು, ಹಾಲು ಕಮ್ಮಿಯಾಗಿ ಕಪ್ಪಗೆ. ಕೆರೂಬೋ ಗೋಡೆಗೆ ಮುಖಮಾಡಿ ನಿಂತು, ಅಂಗಿ ಬಿಚ್ಚಿ, ಮಗ್ಗಿನೊಳಕ್ಕೆ ಹಿಂಡಿಕೊಂಡಳು. ಮೇಲೆ ಚಾ ಬಿತ್ತು, ಅದರ ಮೇಲೆ ಕೂಸುಗಳೆಲ್ಲರ ಪಾಲಿನ ಸಿರಪ್ಪು ಬಿತ್ತು. ಸಕ್ಕರೆ ಬೇಕಾಗಲಿಲ್ಲ.

"ಸತ್ತುಗಿತ್ತು ಹೋದ್ರೆ?" ಬೊಸಿಬೋರಿ ಪಿಸುಗುಟ್ಟಿದಳು.

"ಕೂಸಿಗೇ ಏನೂ ಆಗಾಕಿಲ್ಲ ಅಂದ ಸೂಳೆಮಗ ಅಲ್ವಾ," ಎಂದಳು ಕೆರೂಬೋ.

ಮೊಗಾಕಾ ನಿಂತೇ ಕುಡಿದ. ತುಟಿ ಒರೆಸಿಕೊಂಡು ಮೆಚ್ಚಿದ. "ಚಾ ಅಂದ್ರೆ ಇದು. ಯಾವ ಹಸೀಂದು ಹಾಲು?"

"ಇಲ್ಲೇ ಕಟ್ಟಾಕಿರಾದು," ಎಂದಳು ವಾಂಗೆಶಿ.

ಬಿಸಿಲೇರುವ ಹೊತ್ತಿಗೆ ಕಾರುಗಳು ಬಂದವು. ಬೊಸಿಬೋರಿ ಪಾಲಿಹೌಸಿನಲ್ಲಿ ಮುಳ್ಳು ಸವರುತ್ತ ಕಿವಿಯನ್ನೆಲ್ಲ ಶಿಶುಮನೆಯ ಕಡೆ ಇಟ್ಟಿದ್ದಳು. ಮೊಗಾಕಾನ ಭಾಷಣ ಕೇಳುತ್ತಿತ್ತು: ನಮ್ಮ ಕೂಸುಗಳು, ನಮ್ಮ ಆರೈಕೆ, ನಮ್ಮ ಶಾಂತಿ. ಶಾಂತಿಯ ಹತ್ತಿರ ಮಾತು ತೊದಲಿತು. ಆಮೇಲೆ ಏನೋ ದೊಪ್ಪೆಂದಿತು.

ಆ ಸದ್ದಿಗೆ ಒಂದು ಕೂಸು ಚೀರಿತು. ಕ್ವಾಂಬೋಕಾ. ಬೊಸಿಬೋರಿ ಆ ಗಂಟಲನ್ನು ಮರೆತೇಬಿಟ್ಟಿದ್ದಳು. ಹಿಂದೆಯೇ ಇನ್ನೊಂದು, ಮತ್ತೊಂದು. ಕೊನೆಗೆ ತಗಡಿನ ಮನೆಯೇ ಬಾಯಿಬಿಟ್ಟು ಅತ್ತಂತಾಯಿತು. ಪಾಲಿಹೌಸಿನ ಸಾಲು ಸಾಲಿನಲ್ಲಿ ಹೆಂಗಸರ ಅಂಗಿಗಳು ನೆನೆದವು. ಕತ್ತರಿಗಳನ್ನು ಗುಲಾಬಿಯ ಮೇಲೆಯೇ ಇಟ್ಟು ನಡೆದರು. ಮೇಸ್ತ್ರಿ ಅಡ್ಡ ಬಂದವನು ಕಾರುಗಳನ್ನು ನೋಡಿ ಪಕ್ಕಕ್ಕೆ ಸರಿದ. ಕಾನೂನು ಕಾನೂನೇ.

ಅತಿಥಿಗಳಿಗೆಂದು ಹಾಕಿದ್ದ ಕುರ್ಚಿಯಲ್ಲಿ ಕೂತು ಬೊಸಿಬೋರಿ ಮಗಳನ್ನು ಎದೆಗೆ ಹಾಕಿಕೊಂಡಳು. ಕ್ವಾಂಬೋಕಾ ಕಚ್ಚಿದಳು. ನೋವಿಗೆ ಬೊಸಿಬೋರಿಯ ಕಣ್ಣಲ್ಲಿ ನೀರು ಬಂತು; ಬಿಡಿಸಿಕೊಳ್ಳಲಿಲ್ಲ.

ಮೊಲದ ಚಿತ್ರದ ಚಾಪೆಯ ಮೇಲೆ ಮೊಗಾಕಾ ಅಂಗಾತ ಬಿದ್ದು ಗೊರಕೆ ಹೊಡೆಯುತ್ತಿದ್ದ, ಬಾಯಂಚಿಗೆ ಜೊಲ್ಲು. ಬಿಳಿ ಹೆಂಗಸೊಬ್ಬಳು ಬಗ್ಗಿ ಅವನ ಕೆನ್ನೆ ತಟ್ಟುತ್ತ, ಇವರಿಗೇನಾಯಿತು ಎಂದು ಕೇಳಿದಳು.

ಎತ್ತಿಕೊಳ್ಳಲು ಕೂಸಿಲ್ಲದ ಕೆರೂಬೋ ಒಬ್ಬಳೇ ನಿಂತಿದ್ದಳು. ಬಂದು, ಖಾಲಿ ಬಾಟಲಿಯನ್ನು ಅವನ ತೋಳಸಂದಿಯಲ್ಲಿ, ಕೂಸಿನ ಪಕ್ಕ ಬೊಂಬೆ ಇಡುವಂತೆ, ಇಟ್ಟಳು.

"ಹಾಲ್ ಕುಡ್ದು ಮಲ್ಗವ್ನೆ," ಎಂದಳು. "ಎದ್ರೆ ಎದ್ದಂಗೆ."