ಹಲ್ಲಿನ ಡಾಕ್ಟರ ರಾಜವೇಷ

ಮೂರನೇ ವಯಸ್ಸಿನಲ್ಲಿ, ಹೊಸದಾಗಿ ಬಣ್ಣ ಬಳಿಸಿದ ಗೋಡೆಯ ತುಂಬ ಪೆನ್ಸಿಲಿನಲ್ಲಿ ಗೀಚಿಟ್ಟಿದ್ದಕ್ಕೆ ಮನೆಯವರು ಅವಳನ್ನು ಗೀಚಿ ಅಂತ ಕರೆದರು. ನಲವತ್ತೊಂದು ತುಂಬಿದರೂ ಹೆಸರು ಹಾಗೇ ಉಳಿಯಿತು. ಮಾಡುವ ಕೆಲಸವೂ ಹೆಚ್ಚುಕಡಿಮೆ ಅದೇ ಆಗಿತ್ತು. ಗೋಡೆ ಹೋಗಿ ಗಾಜಿನ ಪರದೆ ಬಂದಿತ್ತು, ಪೆನ್ಸಿಲ್ ಹೋಗಿ ಪ್ಲಾಸ್ಟಿಕ್ ಪೆನ್ನು ಬಂದಿತ್ತು. ಮಾಂತ್ರಿಕರು, ರೆಕ್ಕೆಯ ಕುದುರೆಗಳು, ಕೋರೆಹಲ್ಲಿನ ರಾಣಿಯರು ಬರುವ ಪುಸ್ತಕಗಳಿಗೆ ಅವಳು ಮುಖಪುಟ ಬರೆದುಕೊಡುತ್ತಿದ್ದಳು. "ಎಲ್ಲ ಕಂಪ್ಯೂಟರೇ ಮಾಡುತ್ತೆ ಬಿಡಿ. ಇವಳು ಸುಮ್ನೆ ಪೆನ್ನು ಹಿಡ್ಕೊಂಡು ಕೂತಿರ್ತಾಳೆ" ಅನ್ನುವುದು ಅವಳ ಭಾವನ ಅಭಿಪ್ರಾಯ.

ಭಾವ, ಅಂದರೆ ಅಕ್ಕನ ಗಂಡ, ಹಲ್ಲಿನ ಡಾಕ್ಟರು. ಊರಿಗೆ ಊರೇ ಅವರ ಮುಂದೆ ಬಾಯಿ ತೆರೆದುಕೊಂಡು ಮಲಗುತ್ತಿತ್ತು. ಮಾತಾಡುವ ಸೌಭಾಗ್ಯ ಮಾತ್ರ ಅವರೊಬ್ಬರದೇ. ಇಪ್ಪತ್ತೈದು ವರ್ಷ ಎದುರುತ್ತರವೇ ಇಲ್ಲದೆ ಮಾತಾಡಿದ ಮನುಷ್ಯನಿಗೆ ತಾನು ಹೇಳಿದ್ದೆಲ್ಲ ಸರಿ ಅನ್ನಿಸಿದರೆ ಅವರ ತಪ್ಪಾದರೂ ಏನು?

ಒಂದು ಶನಿವಾರ ಬೆಳಗ್ಗೆ ಅವರು ಅಕ್ಕನ ಜೊತೆ ಗೀಚಿಯ ಕೋಣೆಗೆ ಬಂದರು. ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಹಜಾರವನ್ನು ಹೊಸದು ಮಾಡಿಸಿದ್ದರಂತೆ. ಒಂದು ಗೋಡೆ ಖಾಲಿ ಉಳಿದಿತ್ತಂತೆ.

"ಅಲ್ಲಿಗೆ ನನ್ನದೊಂದು ದೊಡ್ಡ ಚಿತ್ರ ಬೇಕು. ರಾಜನ ಥರ. ನೀನು ಬರೀತೀಯಲ್ಲ ಆ ಡ್ರ್ಯಾಗನ್ನು ಗೀಗನ್ನು, ಅದೂ ಇರಲಿ. ಒಂದು ಸಾಯಂಕಾಲದ ಕೆಲಸ ತಾನೆ?"

"ಒಂದು ತಿಂಗಳಾಗುತ್ತೆ ಭಾವ."

"ಒಂದು ತಿಂಗಳಾ? ನಾನು ಅಷ್ಟರಲ್ಲಿ ಒಂದು ಬಸ್ಸು ತುಂಬೋಷ್ಟು ಜನಕ್ಕೆ ಹಲ್ಲು ಕಟ್ಟಿಬಿಡ್ತೀನಿ."

ಆಗುವುದಿಲ್ಲ ಅನ್ನಬಹುದಿತ್ತು. ಆದರೆ ಅಕ್ಕ ಗಂಡನ ಬೆನ್ನ ಹಿಂದೆ ನಿಂತು ಕೈಮುಗಿದಳು. ಅಕ್ಕ ಕೈಮುಗಿದರೆ ಇಲ್ಲ ಅನ್ನುವುದು ಗೀಚಿಗೆ ಹುಟ್ಟಿದಾಗಿನಿಂದ ಬಂದಿಲ್ಲ.

ಮೊದಲು ಮೂರು ಸಣ್ಣ ಸ್ಕೆಚ್ ಮಾಡಿ ಕಳಿಸಿದಳು. ಒಂದರಲ್ಲಿ ರಾಜ ಸಿಂಹಾಸನದಲ್ಲಿ ಕೂತಿದ್ದ. ಇನ್ನೊಂದರಲ್ಲಿ ಬಂಡೆಯ ಮೇಲೆ ನಿಂತು ದೂರ ನೋಡುತ್ತಿದ್ದ, ಡ್ರ್ಯಾಗನ್ನು ಅವನ ಕಾಲ ಬಳಿ ಬೆಕ್ಕಿನ ಹಾಗೆ ಸುತ್ತಿಕೊಂಡು ಮಲಗಿತ್ತು. ಗೀಚಿಯ ಮನಸ್ಸು ಇದ್ದದ್ದು ಅದರಲ್ಲಿ. ಮೂರಿರಲಿ ಅಂತ ಲೆಕ್ಕಕ್ಕೊಂದು ಸೇರಿಸಿದ್ದಳು: ರಾಜ ಡ್ರ್ಯಾಗನ್ನಿನ ಬೆನ್ನೇರಿ ಕತ್ತಿ ಎತ್ತಿದ್ದಾನೆ. ಒಲೆಯ ಮೇಲೆ ಚಹಾ ಕುದಿಯುವಷ್ಟರಲ್ಲಿ ಎಳೆದು ಬಿಸಾಕಿದ್ದು. ಭಾವನ ಉತ್ತರ ಎರಡೇ ನಿಮಿಷಕ್ಕೆ ಬಂತು. "ಮೂರನೇದು. ಅದ್ರಲ್ಲಿ ನೀನು ಶ್ರಮ ಹಾಕಿರೋದು ಕಾಣುತ್ತೆ."

ಆಮೇಲೆ ಮುಖ. ಅವರನ್ನು ಕಿಟಕಿ ಪಕ್ಕ ಕೂರಿಸಿ ಎಂಟು ದಿಕ್ಕಿನಿಂದ ಫೋಟೋ ತೆಗೆದಳು. ಎರಡು ದಿನ ಕೂತು ಬರೆದಳು. ನುಣುಪು ತಲೆ, ಗದ್ದದ ಕೆಳಗೆ ಇನ್ನೊಂದು ಗದ್ದ, ಗುಂಡು ಮೂಗು, ಎಂಥ ಸಿಟ್ಟಿನಲ್ಲೂ ಪೆದ್ದಾಗಿ ಕಾಣುವ ಎರಡು ಒಳ್ಳೆಯ ಕಣ್ಣು, ಎಲ್ಲ ತದ್ರೂಪ. ಭಾವ ಬಂದು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು.

"ಯಾರಮ್ಮ ಇದು?"

"ನೀವೇ ಭಾವ."

"ನಾನು ಹೀಗಿದೀನಾ?" ಅಂತ ಅವರು ಹೆಂಡತಿಯ ಕಡೆ ತಿರುಗಿದರು. ಅಕ್ಕ ಚಿತ್ರವನ್ನು ನೋಡಿದಳು, ಗಂಡನನ್ನು ನೋಡಿದಳು, ಕೊನೆಗೆ ಜಾಣೆಯ ಹಾಗೆ ಫ್ಯಾನು ನೋಡಿದಳು.

ಅಲ್ಲಿಂದ ಶುರುವಾಯಿತು ತಿದ್ದುಪಡಿಯ ಕಾಲ. ಒಬ್ಬ ರೋಗಿಗೂ ಇನ್ನೊಬ್ಬ ರೋಗಿಗೂ ನಡುವೆ ಸಿಕ್ಕ ಬಿಡುವಿನಲ್ಲೆಲ್ಲ ಭಾವ ಧ್ವನಿ ಸಂದೇಶ ಕಳಿಸುತ್ತಿದ್ದರು. ಹಿನ್ನೆಲೆಯಲ್ಲಿ ಯಾರೋ ಬಾಯಿ ಮುಕ್ಕಳಿಸುವ ಸದ್ದು. "ತಲೆ ತುಂಬ ಕೂದಲಿರಲಿ, ಸ್ವಲ್ಪ ಗುಂಗುರು." "ಮೂಗು ಸ್ವಲ್ಪ ಉದ್ದ ಎಳಿ, ರಾಜರಿಗೆ ಗುಂಡು ಮೂಗು ಇರಲ್ಲ." "ಗದ್ದ ಒಂದೇ ಸಾಕು, ಅದೂ ಚೌಕಾಗಿರಲಿ." "ಹುಬ್ಬು ದಟ್ಟ ಮಾಡು." "ಭುಜ ಅಗಲ ಮಾಡು. ಇನ್ನೂ ಅಗಲ. ಭಾರ ಹೊರೋನ ಭುಜ ಇರುತ್ತಲ್ಲ, ಹಾಗೆ."

ಈ ಬಗೆಯ ಚಿತ್ರದಲ್ಲಿ ಒಂದು ಅನುಕೂಲವಿದೆ. ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಹಾಸಿದ ಹಾಗೆ ಬರೆಯಬಹುದು. ಒಂದನ್ನು ಅಳಿಸಿದರೆ ಇನ್ನೊಂದಕ್ಕೆ ಧಕ್ಕೆಯಿಲ್ಲ. ಲೇಯರ್ ಅನ್ನುತ್ತಾರೆ. ಗೀಚಿ ಕೂದಲಿಗೊಂದು ಲೇಯರ್ ಇಟ್ಟಳು, ಮೂಗಿಗೊಂದು, ಗದ್ದಕ್ಕೊಂದು. ಸಿಟ್ಟಿಗೊಂದು ಇಟ್ಟು ಅದನ್ನು ಮುಚ್ಚಿಡುವ ಸೌಕರ್ಯ ಮಾತ್ರ ಇನ್ನೂ ಯಾರೂ ಮಾಡಿರಲಿಲ್ಲ.

ರೂಪ ಒಂದು ಹಂತಕ್ಕೆ ಬಂದ ಮೇಲೆ ನೆರಳಿಲ್ಲದ ಚಪ್ಪಟೆ ಬಣ್ಣ ತುಂಬಿದಳು, ಆಮೇಲೆ ಬೆಳಕು. ಇಳಿಹೊತ್ತಿನ ಸೂರ್ಯ ಎಡಗಡೆ ಹಿಂದಿನಿಂದ ಬಂದು ಕಿರೀಟದ ಅಂಚಿಗೂ ಕೆನ್ನೆಯ ಗೆರೆಗೂ ತಾಮ್ರದ ಬಣ್ಣ ಹಚ್ಚುತ್ತಿದ್ದ. ಮುಖದ ಅರ್ಧ ನೆರಳಿನಲ್ಲಿತ್ತು. ಬರೆಯುತ್ತ ಬರೆಯುತ್ತ ಅವಳಿಗೆ ಗೊತ್ತಿಲ್ಲದ ಹಾಗೆ ಕೆಲಸದ ರುಚಿ ಹತ್ತಿತ್ತು.

"ಮುಖಕ್ಕೆ ಎರಡೂ ಕಡೆಯಿಂದ ಬೆಳಕು ಬರಲಿ" ಅಂದರು ಭಾವ.

"ಸೂರ್ಯ ಒಂದೇ ಅಲ್ವಾ ಭಾವ?"

"ನಮ್ಮ ಕ್ಲಿನಿಕ್ಕಲ್ಲಿ ಒಂದು ಕುರ್ಚಿಗೇ ಮೂರು ಲೈಟು ಇದೆ."

ಈ ಒಂದು ವಿಷಯದಲ್ಲಿ ಗೀಚಿ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ, ಮಾತು ಕೇಳಿಸುತ್ತಿಲ್ಲ ಅಂತ ನಾಲ್ಕು ದಿನ ತಳ್ಳಿದಳು.

ಐದನೇ ದಿನ ಭಾವ ಖುದ್ದಾಗಿ ಬಂದರು, ಕೈಯಲ್ಲಿ ಪ್ಲಾಸ್ಟರಿನ ದವಡೆ ಹಿಡಿದುಕೊಂಡು. ಬೆಳಕಿನ ಜಗಳಕ್ಕೆ ಬಂದಿರಬೇಕು ಅಂದುಕೊಂಡಳು. ಅವರ ತಕರಾರು ಡ್ರ್ಯಾಗನ್ನಿನ ಬಾಯಿಯದ್ದು. "ಮಾಂಸ ತಿನ್ನೋ ಪ್ರಾಣಿಗೆ ಹಿಂದಿನ ಹಲ್ಲು ಹೀಗಿರಲ್ಲಮ್ಮ. ಇವು ಹುಲ್ಲು ಮೇಯೋ ಹಲ್ಲು. ಮೇಲಿಂದು ಕೆಳಗಿಂದು ಕತ್ತರಿ ಥರ ಒಂದರ ಪಕ್ಕ ಒಂದು ಜಾರಬೇಕು, ನೋಡಿಲ್ಲಿ." ಕಾಗದ ಕೇಳಿ ಪಡೆದು ತಾವೇ ಬರೆದು ತೋರಿಸಿದರು. ಗೆರೆ ಒಂಚೂರೂ ನಡುಗಲಿಲ್ಲ. ಒಂದು ಗಂಟೆ ಅವರು ತಮ್ಮ ಮೂಗು, ಕೂದಲು ಯಾವುದನ್ನೂ ನೆನೆಸಿಕೊಳ್ಳದೆ, ಇಲ್ಲದ ಪ್ರಾಣಿಯ ವಸಡಿನ ಬಗ್ಗೆ ಮಾತಾಡಿದರು. ಭಾವನ ಮೇಲೆ ಗೌರವ ಹುಟ್ಟುತ್ತಿದೆ ಅನ್ನುವುದು ಗೊತ್ತಾಗಿ ಗೀಚಿಗೆ ಗಾಬರಿಯೇ ಆಯಿತು. ಪುಣ್ಯಕ್ಕೆ ಬಾಗಿಲ ಹತ್ತಿರ ಹೋದವರು ತಿರುಗಿ ನಿಂತರು.

"ಅಂದಹಾಗೆ, ಎಡಗಡೆ ಹುಬ್ಬಿನ ಮೇಲೆ ಒಂದು ಹಳೇ ಗಾಯದ ಗುರುತಿರಲಿ. ಓರೆಯಾಗಿ. ವೀರ ಅನ್ನಿಸಬೇಕು."

ಸರಿ, ಗಾಯವನ್ನೂ ಮಾಡಿದಳು. ಕೂದಲಿನ ಎಳೆ, ಕವಚದ ಗೀರು, ಡ್ರ್ಯಾಗನ್ನಿನ ಕಣ್ಣಿನಲ್ಲೊಂದು ಸೂಜಿಮೊನೆಯಷ್ಟು ಬಿಳಿ. ಮುಗಿಸಿ ದೂರ ನಿಂತು ನೋಡಿದಾಗ ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಅದರಲ್ಲಿ ಭಾವ ಇರಲಿಲ್ಲ, ಅಷ್ಟೇ. ಎಲ್ಲೋ ನೋಡಿದ ಮುಖ ಅನ್ನಿಸಿತು. ಯಾವುದೋ ಪುಸ್ತಕಕ್ಕೆ ಬರೆದದ್ದಿರಬೇಕು ಅಂತ ಸುಮ್ಮನಾದಳು. ಭಾವ ಮಾತ್ರ ತುಂಬ ಹೊತ್ತು ನೋಡಿ, "ಈಗ ಬಂತು ನೋಡು" ಅಂದರು. ಆಳೆತ್ತರದ ಕ್ಯಾನ್ವಾಸಿನ ಮೇಲೆ ಅಚ್ಚು ಹಾಕಿಸಿದರು.

ಹೊಸ ಹಜಾರದ ಆರಂಭ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ. ಇತರ ಹಲ್ಲಿನ ಡಾಕ್ಟರುಗಳು, ಹಳೆಯ ರೋಗಿಗಳು, ಪಕ್ಕದ ಔಷಧಿ ಅಂಗಡಿಯವರು, ಎಲ್ಲ ಸೇರಿ ನಲವತ್ತು ಜನ. ಮುಂದಿನ ಸಾಲಿನಲ್ಲಿ ಭಾವನ ತಾಯಿ. ಎಂಬತ್ತರ ಹತ್ತಿರದ ಆ ಹಿರಿಯರಿಗೆ ಕಣ್ಣಿನ ಪೊರೆ ತೆಗೆಸಿ ಮೂರು ವಾರವಾಗಿತ್ತು. ಹೊಸ ಕಣ್ಣಿನ ಹುರುಪಿನಲ್ಲಿ ಬಂದವರ ಮುಖದ ಮಚ್ಚೆಯನ್ನೆಲ್ಲ ಎಣಿಸುತ್ತ ಕೂತಿದ್ದರು. ಭಾವ ಸಣ್ಣ ಭಾಷಣ ಮಾಡಿ, ಪರದೆ ಎಳೆದರು.

ಎಲ್ಲರೂ ಕತ್ತೆತ್ತಿ ನೋಡಿದರು. ಆಮೇಲೆ ಆ ತಾಯಿ ಎರಡೂ ಕೈ ಕೆನ್ನೆಗಿಟ್ಟುಕೊಂಡರು.

"ಅಯ್ಯೋ ನನ್ನಪ್ಪಾ! ದೊಡ್ಡೋನ್ದು ಹಾಕಿಸಿದ್ಯೇನೋ!"

ಭಾವನ ಕೈಯಲ್ಲಿ ಪರದೆಯ ದಾರ ಹಾಗೇ ಉಳಿಯಿತು.

ದೊಡ್ಡವನು ಅಂದರೆ ಭಾವನ ಅಣ್ಣ. ಲಿಫ್ಟ್ ರಿಪೇರಿ ಮಾಡುವವರು. ಹನ್ನೊಂದು ವರ್ಷದ ಹಿಂದೆ ಭಾವನ ಈ ಸ್ವಂತ ಕ್ಲಿನಿಕ್ಕು ಶುರುವಾದ ದಿನ ಅವರು ಮೈಕು ಹಿಡಿದು, ಭಾವ ಎಂಟನೇ ವಯಸ್ಸಿನಲ್ಲಿ ಹಲ್ಲು ಕೀಳಿಸಿಕೊಳ್ಳಲು ಹೆದರಿ ಡಾಕ್ಟರ ಬೆರಳು ಕಚ್ಚಿ ಬಟ್ಟೆ ಬೀರುವಿನಲ್ಲಿ ಅಡಗಿ ಕೂತಿದ್ದನ್ನು ವಿವರವಾಗಿ, ಅಭಿನಯ ಸಮೇತ ಹೇಳಿದ್ದರು. ಸಭೆ ಬಿದ್ದು ಬಿದ್ದು ನಕ್ಕಿತ್ತು. ಅವತ್ತಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ರಾಜ್ಯಗಳು ಹಾಳಾಗಿದ್ದು ಇದಕ್ಕಿಂತ ಸಣ್ಣ ಕಾರಣಕ್ಕೆ ಅಂತ ಭಾವ ಹೇಳುತ್ತಿದ್ದರು. ಗೀಚಿ ಆ ಅಣ್ಣನನ್ನು ನೋಡಿದ್ದು ಒಂದೇ ಸಲ, ಅಕ್ಕನ ಮದುವೆಯ ಗದ್ದಲದಲ್ಲಿ.

"ಮೂಗು ನೋಡಿ, ಗದ್ದ ನೋಡಿ, ಅಚ್ಚು ಒತ್ತಿದ ಹಾಗಿದೆ" ಅಂತ ತಾಯಿ ಪಕ್ಕದವರಿಗೆ ವಿವರಿಸುತ್ತಿದ್ದರು. "ಹುಬ್ಬಿನ ಗಾಯಾನೂ ಬಿಟ್ಟಿಲ್ಲ! ನೀನೇ ಲೋಟ ಎಸೆದು ಮಾಡಿದ್ದಲ್ವೇನೋ ಅದು?"

ಸಭೆ ಚಪ್ಪಾಳೆ ತಟ್ಟಿತು. ಈ ಕಾಲದಲ್ಲಿ ಅಣ್ಣನ ಚಿತ್ರ ಹಾಕಿಸುವ ತಮ್ಮ ಎಲ್ಲಿ ಸಿಗುತ್ತಾನೆ ಅಂತ ಔಷಧಿ ಅಂಗಡಿಯವರು ಕಣ್ಣೊರೆಸಿಕೊಂಡರು. ಭಾವನ ಮುಖ ಕೆಂಪಾಯಿತು, ಬಿಳಿಚಿತು. ಅದು ನಾನು ಅಂದರೆ ನಲವತ್ತು ಜನ ನಗುತ್ತಾರೆ. ಅಣ್ಣ ಅಂದರೆ ಹನ್ನೊಂದು ವರ್ಷದ ಹಟ ಮಣ್ಣುಪಾಲು. ಅತ್ತ ದರಿ, ಇತ್ತ ಪುಲಿ. ಅವರು ಗೀಚಿಯ ಕಡೆ ನೋಡಿದ ನೋಟ, ಕುರ್ಚಿಯಲ್ಲಿ ಸೂಜಿ ನೋಡಿದ ರೋಗಿಯದು.

"ನೀನೇ ಬರೆದಿದ್ದಾ ಮಗು?" ಅಂತ ತಾಯಿ ಕೇಳಿದರು. "ಅವನನ್ನ ಎಲ್ಲಿ ನೋಡಿದ್ದೆ?"

ಗೀಚಿಯ ನಾಲಗೆ ತುದಿಯಲ್ಲಿ ತಿಂಗಳಿಡೀ ಸೇರಿಸಿಟ್ಟುಕೊಂಡ ನಿಜವೆಲ್ಲ ಕುಣಿಯುತ್ತಿತ್ತು. ಹೇಳಿದ್ದರೆ ಪರಮಾನಂದವಾಗುತ್ತಿತ್ತು. ಆದರೆ ಭಾವನ ಆ ಪೆದ್ದು ಕಣ್ಣು ತೀರಾ ಹತ್ತಿರದಲ್ಲಿತ್ತು.

"ನಾನು ಸರಿಯಾಗಿ ನೋಡೇ ಇಲ್ಲಮ್ಮ. ಮೂಗು, ಗದ್ದ, ಗಾಯ, ಎಲ್ಲ ಭಾವನೇ ಒಂದೊಂದಾಗಿ ಹೇಳಿ ಬರೆಸಿದ್ದು" ಅಂದಳು. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ.

ತಾಯಿ ಅಷ್ಟರಲ್ಲಿ ಫೋನು ಹಚ್ಚಿದ್ದರು. "ಲೋ, ಎಲ್ಲಿದ್ದೀಯ? ಬೇಗ ಬಾ. ನಿನ್ನ ತಮ್ಮ ನಿನ್ನನ್ನ ರಾಜನ್ನ ಮಾಡಿ ಗೋಡೆಗೆ ಹಾಕಿದ್ದಾನೆ. ಇಲ್ಲ ಕಣೋ, ಹೂವಿನ ಹಾರ ಹಾಕಿಲ್ಲ, ಕಿರೀಟ ಹಾಕಿದ್ದಾನೆ."

ಅರ್ಧ ಗಂಟೆಗೆ ಅವರು ಬಂದರು, ಗ್ರೀಸು ಮೆತ್ತಿದ ಕೆಲಸದ ಅಂಗಿಯಲ್ಲೇ. ಗುಂಗುರು ಕೂದಲು ನೆರೆತಿತ್ತು. ಭುಜ ಅಗಲವೇ ಇತ್ತು. ಚಿತ್ರದ ಮುಂದೆ ಕೈಕಟ್ಟಿ ನಿಂತು, ಮೇಲಿಂದ ಕೆಳಗೆ ನಿಧಾನ ನೋಡಿದರು.

"ಹಲ್ಲು ಭಾಳ ಚೆನ್ನಾಗಿ ಬಂದಿದೆ" ಅಂದರು. "ಡ್ರ್ಯಾಗನ್ನಿಂದು."

"ಅದು ನಾನೇ ಹೇಳಿ ಮಾಡಿಸಿದ್ದು" ಅಂದರು ಭಾವ. ಹನ್ನೊಂದು ವರ್ಷದ ಮೇಲೆ ಆಡಿದ ಮೊದಲ ಮಾತಿನಲ್ಲೂ ತನ್ನ ಹೊಗಳಿಕೆ ಬಿಟ್ಟಿರಲಿಲ್ಲ.

ಅಣ್ಣ ನಗಲು ಹೋಗಿ ಕೆನ್ನೆ ಹಿಡಿದುಕೊಂಡರು. ಭಾವನ ಹುಬ್ಬು ಮೇಲೇರಿತು.

"ಏನದು? ಎಷ್ಟು ದಿನದಿಂದ ನೋವು?"

"ಎರಡು ತಿಂಗಳು. ಬಸ್‌ಸ್ಟಾಂಡ್ ಹತ್ರ ಒಬ್ಬರ ಕೈಲಿ ತುಂಬಿಸ್ಕೊಂಡೆ."

"ಬಾಯಿ ತೆಗಿ."

"ಇಷ್ಟು ಜನದ ಮುಂದೇನಾ?"

"ನೀನು ಮೈಕಲ್ಲಿ ಹೇಳಿದಾಗ ಜನ ಇರ್ಲಿಲ್ವಾ? ತೆಗಿ ಅಂದೆ."

ಅಣ್ಣ ಬಾಯಿ ತೆರೆದರು. ಭಾವ ಮೊಬೈಲಿನ ಬೆಳಕು ಬಿಟ್ಟು ಇಣುಕಿದರು, ತಕ್ಷಣ ಕಿಡಿಕಿಡಿಯಾದರು. "ಯಾವ ಕತ್ತೆ ತುಂಬಿದ್ದು ಇದನ್ನ? ಒಳಗೆ ಹುಳುಕು ಹಾಗೇ ಇಟ್ಟು ಮೇಲೆ ಸಿಮೆಂಟು ಮೆತ್ತಿದ್ದಾನೆ! ನನ್ನ ಕ್ಲಿನಿಕ್ಕಿನ ದಾರಿ ಗೊತ್ತಿರಲಿಲ್ವಾ ನಿನಗೆ?" ಬೈಯುತ್ತಲೇ ಅಣ್ಣನನ್ನು ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದರು. ಅತಿಥಿಗಳಿಗೆ ಊಟ ಹೇಳಿದ್ದು ಕೂಡ ಮರೆತರು. ಅದನ್ನೆಲ್ಲ ಅಕ್ಕ ನೋಡಿಕೊಂಡಳು.

ಮುಚ್ಚಿದ ಬಾಗಿಲ ಹಿಂದಿನಿಂದ ಮುಕ್ಕಾಲು ಗಂಟೆ ಭಾವನ ಧ್ವನಿ ಒಂದೇ ಕೇಳುತ್ತಿತ್ತು. ಅಣ್ಣ ಹೊರಗೆ ಬಂದಾಗ ಅರ್ಧ ಮುಖ ಮರಗಟ್ಟಿ, ಮಾತು ಒಂದು ಕಡೆಗೆ ಸೋರುತ್ತಿತ್ತು. ಗೀಚಿಯ ಮುಂದೆ ನಿಂತು ಏನೋ ಹೇಳಿದರು. ಎರಡನೇ ಸಲ ಹೇಳಿದಾಗ ಅರ್ಥವಾಯಿತು: ಹೊಟ್ಟೆ ಸ್ವಲ್ಪ ಕಮ್ಮಿ ತೋರಿಸಿದ್ದಕ್ಕೆ ಥ್ಯಾಂಕ್ಸ್ ಅಂತ.

"ಮಂಗಳವಾರ ಬಾ" ಅಂತ ಭಾವ ಒಳಗಿನಿಂದ ಕೂಗಿದರು. "ಇನ್ನೆರಡು ಹಾಳಾಗಿವೆ."

ಮಂಗಳವಾರ ಬಂದರು. ಅದರ ಮುಂದಿನ ಮಂಗಳವಾರವೂ. ಹಲ್ಲಿನ ಕೆಲಸ ನಾಲ್ಕು ವಾರಕ್ಕೆ ಮುಗಿದ ಮೇಲೂ ಬರುತ್ತಲೇ ಇದ್ದಾರೆ. ಇಬ್ಬರೂ ಆಗಾಗ ಜೋರಾಗಿ ಜಗಳವಾಡುತ್ತಾರೆ, ಕಾಯುವ ರೋಗಿಗಳಿಗೆ ಹೊತ್ತು ಹೋಗುತ್ತದೆ ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಗೀಚಿ ಆಗ ಬೇರೆ ಯಾವುದೋ ಪುಸ್ತಕದ ಮಾಂತ್ರಿಕನಿಗೆ ಗಡ್ಡ ಬರೆಯುತ್ತಿದ್ದಳು. "ಹೌದಾ?" ಅಂದು, ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು ಕೆಲಸ ಮುಂದುವರಿಸಿದಳು.